ವಸಾಹತು ಕಾಲದ ಶಾಸನ ಪರಿಷತ್ತಿನ ನಡವಳಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಬ್ರಿಟಿಷ್ ಆಳ್ವಿಕೆಯ ಶಾಸನ ಪರಿಷತ್ತುಗಳ ಅಚ್ಚಾದ ನಡವಳಿಗಳನ್ನು ಮೊದಲ ಬಾರಿಗೆ ಕೈಗೆತ್ತಿಕೊಂಡವರು ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲಿಯೇ ಉಳಿಸಿಕೊಂಡಿದ್ದೇನೆ. ಬೇಕಾದ ಪ್ರಶ್ನೆಯೊಂದನ್ನೇ ಆರಿಸಿ ಓದಿದರೂ ತೊಂದರೆಯಿಲ್ಲ.

## ಮೊದಲ ಪರಿಚಯ

ಇದು ಈಗಿನ ನಮ್ಮ ವಿಧಾನ ಪರಿಷತ್ತಿನ ಹಾಗೆಯೇ ಇತ್ತೇ?

ಹೆಸರು ಹತ್ತಿರವಾದರೂ ಸ್ವರೂಪ ಬೇರೆ. ಇಂದಿನ ಶಾಸನಸಭೆಗೆ ಸರ್ಕಾರವು ಉತ್ತರದಾಯಿ. ಅಂದಿನ ಪರಿಷತ್ತು ಸರ್ಕಾರದ ಒಂದು ಅಂಗವೇ ಆಗಿತ್ತು. ಈಸ್ಟ್ ಇಂಡಿಯಾ ಕಂಪನಿಯ ಆಡಳಿತಕ್ಕೆಂದು ಬ್ರಿಟಿಷ್ ಪಾರ್ಲಿಮೆಂಟು ಮಾಡಿದ 1833ರ ಸನದು ಕಾಯಿದೆಯು ಗವರ್ನರ್ ಜನರಲ್‌ನ ಕಾರ್ಯಕಾರಿ ಮಂಡಳಿಗೆ ಕಾನೂನು ಸದಸ್ಯನೊಬ್ಬನನ್ನು ಸೇರಿಸಿತು. ಮರುವರ್ಷ ಆ ಸ್ಥಾನಕ್ಕೆ ಮೊದಲಿಗನಾಗಿ ಬಂದವನು ಮೆಕಾಲೆ. 1853ರ ಕಾಯಿದೆಯ ಮೇರೆಗೆ ಕಾನೂನು ರಚನೆಗೆಂದೇ ಹೆಚ್ಚುವರಿ ಸದಸ್ಯರನ್ನು ಸೇರಿಸಿದಾಗ ಹನ್ನೆರಡು ಜನರ ಸಭೆಯೊಂದು ರೂಪುಗೊಂಡಿತು. ಮಂಡಳಿಯು ಆಡಳಿತಕ್ಕೆ ಕುಳಿತಾಗ ಒಂದು ಹೆಸರು, ಹೆಚ್ಚುವರಿ ಸದಸ್ಯರನ್ನು ಕೂಡಿಸಿಕೊಂಡು ಕಾನೂನು ಮಾಡಲು ಕುಳಿತಾಗ ಇನ್ನೊಂದು ಹೆಸರು, ಅಷ್ಟೇ. ಹಳೆಯ ಸಂಪುಟಗಳ ಮುಖಪುಟದಲ್ಲಿ ‘ಕಾನೂನು ಮತ್ತು ನಿಯಮಗಳನ್ನು ಮಾಡುವ ಉದ್ದೇಶಕ್ಕಾಗಿ ಸೇರಿದ ಭಾರತದ ಗವರ್ನರ್ ಜನರಲ್‌ರ ಪರಿಷತ್ತಿನ ನಡವಳಿಗಳ ಸಂಗ್ರಹ’ ಎಂಬ ಅರ್ಥದ ಉದ್ದನೆಯ ಶೀರ್ಷಿಕೆ ಇರುವುದು ಇದೇ ಕಾರಣಕ್ಕೆ.

1861ರ ಕಾಯಿದೆ ಪರಿಷತ್ತನ್ನು ಹಿಗ್ಗಿಸಿತೋ ಕುಗ್ಗಿಸಿತೋ?

ಎರಡನ್ನೂ ಮಾಡಿತು. 1854ರಲ್ಲಿ ಕೆಲಸ ಆರಂಭಿಸಿದ ಪರಿಷತ್ತು ಬಹುಬೇಗ ಪುಟ್ಟ ಪಾರ್ಲಿಮೆಂಟಿನಂತೆ ವರ್ತಿಸತೊಡಗಿ, ಆಡಳಿತದ ವಿಷಯಗಳಲ್ಲೂ ಸರ್ಕಾರದಿಂದ ಕಾಗದಪತ್ರ ಕೇಳತೊಡಗಿತು. ಟಿಪ್ಪು ಸುಲ್ತಾನನ ವಂಶಸ್ಥರಿಗೆ ಕೊಡಬೇಕೆಂದಿದ್ದ ಹಣದ ಬಗ್ಗೆ ಲಂಡನ್ನಿನೊಂದಿಗೆ ನಡೆದ ಪತ್ರವ್ಯವಹಾರವನ್ನು ಸಭೆಯ ಮುಂದಿಡಬೇಕೆಂದು ಕೇಳಿದ್ದು ಅಂಥ ಒಂದು ಪ್ರಸಂಗ. ಶ್ರೀರಂಗಪಟ್ಟಣದಿಂದ ದೂರದ ಕಲ್ಕತ್ತೆಗೆ ಸಾಗಿಸಲ್ಪಟ್ಟಿದ್ದ ಆ ಕುಟುಂಬದ ಪಿಂಚಣಿಯ ಮಾತು ಭಾರತದ ಶಾಸನಸಭೆಯ ರೆಕ್ಕೆ ಕತ್ತರಿಸಲು ಒಂದು ನೆಪವಾದದ್ದು ಇತಿಹಾಸದ ವಿಚಿತ್ರಗಳಲ್ಲೊಂದು. ಲಂಡನ್ನಿನಲ್ಲಿ ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಭಾರತ ಸಚಿವ ಸರ್ ಚಾರ್ಲ್ಸ್ ವುಡ್‌ಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. ಆದ್ದರಿಂದ 1861ರ ಕಾಯಿದೆಯು ಹೆಚ್ಚುವರಿ ಸದಸ್ಯರ ಸಂಖ್ಯೆಯನ್ನು 6ರಿಂದ 12ರವರೆಗೆ ಏರಿಸಿ, ಅವರಲ್ಲಿ ಕನಿಷ್ಠ ಅರ್ಧದಷ್ಟು ಜನ ಸರ್ಕಾರೇತರರಾಗಿರಬೇಕೆಂದು ಹೇಳಿದರೂ, ಸಭೆಯ ಬಾಯಿಯನ್ನು ಮಸೂದೆಗಳಿಗಷ್ಟೇ ಸೀಮಿತಗೊಳಿಸಿತು. ಪ್ರಶ್ನೆ ಕೇಳುವಂತಿರಲಿಲ್ಲ, ಗೊತ್ತುವಳಿ ತರುವಂತಿರಲಿಲ್ಲ. ಸಾಲ, ಕಂದಾಯ, ಧರ್ಮ, ಸೇನೆ, ಪರರಾಜ್ಯ ಸಂಬಂಧಗಳನ್ನು ಮುಟ್ಟುವ ಮಸೂದೆಗಳಿಗೆ ಗವರ್ನರ್ ಜನರಲ್‌ರ ಪೂರ್ವಾನುಮತಿ ಬೇಕಿತ್ತು.

ಭಾರತೀಯರು ಅಲ್ಲಿ ಕುಳಿತದ್ದು ಯಾವಾಗಿನಿಂದ? ಆರಿಸಿ ಬಂದವರೇ?

1862ರಲ್ಲಿ ಪಟಿಯಾಲದ ಮಹಾರಾಜ, ಬನಾರಸಿನ ರಾಜ ಮತ್ತು ಸರ್ ದಿನಕರ ರಾವ್ ನಾಮಕರಣಗೊಂಡರು. ಮುಂದಿನ ಮೂವತ್ತು ವರ್ಷ ಭಾರತೀಯ ಸದಸ್ಯರೆಂದರೆ ಹೆಚ್ಚಾಗಿ ರಾಜರು, ದಿವಾನರು, ಜಮೀನ್ದಾರರು. 1892ರ ಕಾಯಿದೆಯು ಚುನಾವಣೆ ಎಂಬ ಪದವನ್ನೇ ಬಳಸದೆ, ಸ್ಥಳೀಯ ಸಂಸ್ಥೆಗಳೂ ಪ್ರಾಂತ್ಯಗಳ ಪರಿಷತ್ತುಗಳ ಸರ್ಕಾರೇತರ ಸದಸ್ಯರೂ ಶಿಫಾರಸು ಮಾಡಿದವರನ್ನು ಸರ್ಕಾರ ನೇಮಿಸುವ ಏರ್ಪಾಡು ತಂದಿತು. ಫಿರೋಜ್‌ಷಾ ಮೆಹ್ತಾ, ಗೋಪಾಲಕೃಷ್ಣ ಗೋಖಲೆ ಮುಂತಾದವರು ಕಲ್ಕತ್ತೆಯ ಸಭೆಗೆ ಬಂದದ್ದು ಈ ಬಾಗಿಲಿನಿಂದ. ಚುನಾವಣೆಯನ್ನು ಚುನಾವಣೆ ಎಂದೇ ಕರೆದದ್ದು 1909ರ ಮಾರ್ಲೆ–ಮಿಂಟೋ ಸುಧಾರಣೆ. ಮುಸ್ಲಿಮರಿಗೆ ಪ್ರತ್ಯೇಕ ಮತಕ್ಷೇತ್ರ ಬಂದದ್ದೂ ಆಗಲೇ.

ನಮ್ಮ ಕನ್ನಡ ಜಿಲ್ಲೆಗಳ ವಿಚಾರ ಯಾವ ಪರಿಷತ್ತಿನ ಸಂಪುಟಗಳಲ್ಲಿ ಹುಡುಕಬೇಕು?

ಇದು ನಮ್ಮವರ ಮೊದಲ ತೊಡಕು, ಏಕೆಂದರೆ ಕನ್ನಡ ನಾಡು ಆಗ ಒಂದು ಕಡತದಲ್ಲಿ ಇರಲಿಲ್ಲ. ಧಾರವಾಡ, ಬೆಳಗಾವಿ, ಬಿಜಾಪುರಗಳನ್ನು ಮುಂಬಯಿ ಪರಿಷತ್ತಿನ ನಡವಳಿಗಳಲ್ಲಿ ಹುಡುಕಬೇಕು. ಬಳ್ಳಾರಿ ಮತ್ತು ದಕ್ಷಿಣ ಕನ್ನಡವನ್ನು ಮದ್ರಾಸ್ ಪರಿಷತ್ತಿನಲ್ಲಿ. ಉತ್ತರ ಕನ್ನಡವು 1862ರಲ್ಲಿ ಮದ್ರಾಸಿನಿಂದ ಮುಂಬಯಿಗೆ ವರ್ಗವಾದದ್ದರಿಂದ ಅದಕ್ಕೂ ಹಿಂದಿನ ಕಾಗದಗಳು ಮದ್ರಾಸಿನಲ್ಲಿರುತ್ತವೆ. ಇಂಗ್ಲಿಷ್ ಕಾಗುಣಿತದ ತಕರಾರೂ ಇದೆ: ಕನರಾ ಎಂಬ ಹೆಸರನ್ನು ಮುಂಬಯಿ ಸರ್ಕಾರ ‘ಕೆ’ ಅಕ್ಷರದಿಂದ, ಮದ್ರಾಸ್ ಸರ್ಕಾರ ‘ಸಿ’ ಅಕ್ಷರದಿಂದ ಬರೆಯುತ್ತಿದ್ದವು. ವಿಷಯಸೂಚಿಯಲ್ಲಿ ಒಂದನ್ನೇ ನೋಡಿ ‘ಏನೂ ಇಲ್ಲ’ ಎಂದು ಮರಳಿದವರನ್ನು ಕಂಡಿದ್ದೇನೆ. ಕೊಡಗಿಗೆ ತನ್ನದೇ ಪರಿಷತ್ತು ಬಂದದ್ದು 1924ರಲ್ಲಿ. ಬೆಂಗಳೂರಿನ ದಂಡು ಪ್ರದೇಶ ಬ್ರಿಟಿಷರ ಆಡಳಿತದಲ್ಲಿದ್ದರೂ ಯಾವ ಪರಿಷತ್ತಿನಲ್ಲೂ ಅದಕ್ಕೆ ಪ್ರತಿನಿಧಿಯಿರಲಿಲ್ಲ; ಅಲ್ಲಿಗೆ ಬೇಕಾದ ಕಾಯಿದೆಗಳನ್ನು ಅಧಿಸೂಚನೆಯ ಮೂಲಕ ಅನ್ವಯಿಸಲಾಗುತ್ತಿತ್ತು.

ಮೈಸೂರಿನ ಪ್ರಜಾಪ್ರತಿನಿಧಿ ಸಭೆಯನ್ನೂ ಇದಕ್ಕೆ ಸೇರಿಸಬಹುದೇ?

ಸೇರಿಸಬಾರದು. ಅದು ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರ ಅಕ್ಟೋಬರ್‌ನಲ್ಲಿ, ದೇಶೀಯ ಸಂಸ್ಥಾನವೊಂದರಲ್ಲಿ ಮಹಾರಾಜರ ಆಜ್ಞೆಯಿಂದ ಹುಟ್ಟಿದ ಸಭೆ. ಕಾನೂನು ಮಾಡುವ ಅಧಿಕಾರ ಅದಕ್ಕಿರಲಿಲ್ಲ. ಅಹವಾಲು ಹೇಳುವುದು, ದಿವಾನರ ವರದಿ ಕೇಳುವುದು ಅದರ ಕೆಲಸ. ಮೈಸೂರಿನ ನ್ಯಾಯವಿಧಾಯಕ ಸಭೆ 1907ರಲ್ಲಿ ಪ್ರತ್ಯೇಕವಾಗಿ ಬಂತು. ಆದರೆ ಒಂದು ಹೋಲಿಕೆ ಉಪಯುಕ್ತ: 1881ರ ಹೊತ್ತಿಗೆ ಕಲ್ಕತ್ತೆಯ ಪರಿಷತ್ತಿನಲ್ಲಿ ರೈತನೊಬ್ಬನ ಕೆರೆಯ ಮಾತು ಎತ್ತಲು ದಾರಿಯೇ ಇರಲಿಲ್ಲ, ಮೈಸೂರಿನಲ್ಲಿ ಇತ್ತು.

## ಸಭೆ ನಡೆಯುತ್ತಿದ್ದ ಬಗೆ

ಒಂದು ದಿನದ ಕಲಾಪ ಹೇಗೆ ಶುರುವಾಗಿ ಹೇಗೆ ಮುಗಿಯುತ್ತಿತ್ತು?

ಮೊದಲು ಸ್ಥಳ ಮತ್ತು ದಿನಾಂಕ: ಚಳಿಗಾಲವಾದರೆ ಕಲ್ಕತ್ತೆಯ ಸರ್ಕಾರಿ ಭವನ, ಬೇಸಿಗೆಯಾದರೆ ಸಿಮ್ಲಾ, 1912ರ ನಂತರ ದೆಹಲಿ. ಬಳಿಕ ಹಾಜರಿದ್ದವರ ಪಟ್ಟಿ. ಅಧ್ಯಕ್ಷತೆ ವೈಸ್‌ರಾಯ್ ಅಂದರೆ ಗವರ್ನರ್ ಜನರಲ್ ಅವರದೇ. ಅವರ ಕೆಳಗೆ ಕಾರ್ಯಕಾರಿ ಮಂಡಳಿಯವರು, ಆಮೇಲೆ ಹೆಚ್ಚುವರಿ ಸದಸ್ಯರು. 1892ರ ನಂತರದ ಸಂಪುಟಗಳಲ್ಲಿ ಪ್ರಶ್ನೋತ್ತರ ಮೊದಲು ಬರುತ್ತದೆ, ಮಸೂದೆಗಳು ಆಮೇಲೆ. ಪ್ರತಿ ಹಂತದ ಕೊನೆಗೆ ಪ್ರಸ್ತಾವವನ್ನು ಸಭೆಯ ಮುಂದಿಡಲಾಯಿತು, ಒಪ್ಪಲಾಯಿತು ಎಂಬ ಒಂದೇ ಸಾಲು. ಕಡೆಗೆ ಮುಂದಿನ ಸಭೆಯ ದಿನಾಂಕ ಇಲ್ಲವೇ ಅನಿರ್ದಿಷ್ಟ ಕಾಲ ಮುಂದೂಡಿದ ಸೂಚನೆ, ಶಾಸನ ಇಲಾಖೆಯ ಕಾರ್ಯದರ್ಶಿಯ ಸಹಿ.

ಸ್ಥಳದ ಸಾಲನ್ನು ಹಾರಿಸಿ ಓದಬೇಡಿ. ಸಿಮ್ಲಾದ ಬೆಟ್ಟ ಹತ್ತಿ ಬರುವ ಸರ್ಕಾರೇತರ ಸದಸ್ಯರು ಬಹಳ ಕಡಿಮೆ. ಅಲ್ಲಿ ಅಂಗೀಕಾರವಾದ ಮಸೂದೆಗಳ ಹಾಜರಿ ಪಟ್ಟಿ ನೋಡಿದರೆ, ಅಧಿಕಾರಿಗಳು ಅಧಿಕಾರಿಗಳಿಗೇ ವಿವರಣೆ ಕೊಟ್ಟು ಅಧಿಕಾರಿಗಳಿಂದಲೇ ಒಪ್ಪಿಗೆ ಪಡೆದ ಹಾಗೆ ಕಾಣುತ್ತದೆ.

ಮಸೂದೆಯೊಂದು ಕಾಯಿದೆಯಾಗಲು ಎಷ್ಟು ದಿನ ಹಿಡಿಯುತ್ತಿತ್ತು?

ಕ್ರಮವೇನೋ ನಿಧಾನದ್ದೇ. ಮಂಡಿಸಲು ಅನುಮತಿ, ಮಂಡನೆ, ಉದ್ದೇಶ ಮತ್ತು ಕಾರಣಗಳ ಹೇಳಿಕೆಯೊಂದಿಗೆ ಗೆಜೆಟ್‌ನಲ್ಲಿ ಪ್ರಕಟಣೆ, ಪ್ರಾಂತ್ಯ ಸರ್ಕಾರಗಳ ಅಭಿಪ್ರಾಯ, ಸೆಲೆಕ್ಟ್ ಕಮಿಟಿ ಅಂದರೆ ಪ್ರವರ ಸಮಿತಿ, ಅದರ ವರದಿ, ತಿದ್ದುಪಡಿಗಳು, ಅಂಗೀಕಾರ, ಗವರ್ನರ್ ಜನರಲ್‌ರ ಸಮ್ಮತಿ. ಸರ್ಕಾರಕ್ಕೆ ಅವಸರವಿದ್ದರೆ ಇವೆಲ್ಲವನ್ನೂ ಮಡಿಸಿ ಒಂದೇ ದಿನದ ಕೆಲಸವನ್ನಾಗಿ ಮಾಡಬಹುದಿತ್ತು.

ಎರಡು ಉದಾಹರಣೆಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ದೇಶಭಾಷೆಗಳ ಪತ್ರಿಕೆಗಳ ಮೇಲೆ ಅಂಕುಶ ಹಾಕಿದ 1878ರ 9ನೆಯ ಕಾಯಿದೆ ಮಾರ್ಚ್ 14ರಂದು ಒಂದೇ ಬೈಠಕ್ಕಿನಲ್ಲಿ ಮಂಡನೆಯಾಗಿ ಅಂಗೀಕಾರವೂ ಆಯಿತು. ಲಂಡನ್ನಿನ ಒಪ್ಪಿಗೆಯನ್ನು ವೈಸ್‌ರಾಯ್ ಲಿಟ್ಟನ್ ತಂತಿಯ ಮೂಲಕ ಪಡೆದಿದ್ದರು. ಸಭೆಯಲ್ಲಿದ್ದ ಭಾರತೀಯ ಸದಸ್ಯ ಜತೀಂದ್ರಮೋಹನ ಠಾಕೂರ್ ಕೂಡ ವಿರೋಧಿಸಲಿಲ್ಲ. ಆ ಕಾಯಿದೆ ಮದ್ರಾಸ್ ಪ್ರಾಂತ್ಯಕ್ಕೆ ಅನ್ವಯಿಸುತ್ತಿರಲಿಲ್ಲವಾದ್ದರಿಂದ ಧಾರವಾಡದ ಕನ್ನಡ ಪತ್ರಿಕೆಗೆ ಒಂದು ಕಾನೂನು, ಮಂಗಳೂರಿನ ಕನ್ನಡ ಪತ್ರಿಕೆಗೆ ಇನ್ನೊಂದು ಎಂಬ ಸ್ಥಿತಿ ಬಂತು. ಇದಕ್ಕೆ ಪ್ರತಿಯಾಗಿ ಇಲ್ಬರ್ಟ್ ಮಸೂದೆ: ಜಿಲ್ಲೆಗಳಲ್ಲಿ ಯುರೋಪಿಯನ್ ಆರೋಪಿಗಳನ್ನು ಭಾರತೀಯ ನ್ಯಾಯಾಧಿಕಾರಿಗಳೂ ವಿಚಾರಿಸಬಹುದೆಂಬ ಆ ಸಣ್ಣ ಸುಧಾರಣೆ 1883ರ ಫೆಬ್ರವರಿಯಲ್ಲಿ ಮಂಡನೆಯಾಗಿ, ಕಲ್ಕತ್ತೆಯ ಬಿಳಿಯರ ಆರ್ಭಟದ ನಡುವೆ ಸುಮಾರು ಒಂದು ವರ್ಷ ತೂಗಾಡಿ, 1884ರ ಜನವರಿ 25ರಂದು ಅಂಗೀಕಾರವಾಯಿತು. ಅಷ್ಟರಲ್ಲಿ ಅರ್ಧದಷ್ಟಾದರೂ ಯುರೋಪಿಯನ್ನರು ಅಥವಾ ಅಮೆರಿಕನ್ನರು ಇರುವ ಜ್ಯೂರಿ ಬೇಕೆಂದು ಕೇಳುವ ಹಕ್ಕನ್ನು ಆರೋಪಿಗೆ ಕೊಟ್ಟು ಮಸೂದೆಯ ತಿರುಳನ್ನೇ ತೆಗೆಯಲಾಗಿತ್ತು. ಪತ್ರಿಕೆಗಳ ಬಾಯಿ ಮುಚ್ಚಲು ಒಂದು ದಿನ, ಈ ಅರೆಬರೆ ಸಮಾನತೆಗೆ ಒಂದು ವರ್ಷ.

ಸದಸ್ಯರು ಸರ್ಕಾರವನ್ನು ಪ್ರಶ್ನೆ ಕೇಳಬಹುದಿತ್ತೇ?

1892ರವರೆಗೆ ಇಲ್ಲ. ಆಮೇಲೆ ಮುಂಚಿತವಾಗಿ ಲಿಖಿತ ಸೂಚನೆ ಕೊಟ್ಟು ಕೇಳಬಹುದಿತ್ತು, ಉಪಪ್ರಶ್ನೆಗೆ ಅವಕಾಶವಿರಲಿಲ್ಲ. ಉತ್ತರ ಎಷ್ಟೇ ಜಾರಿಕೆಯದಾದರೂ ಕೇಳಿದವನು ಕುಳಿತುಕೊಳ್ಳಬೇಕು. 1909ರ ಬಳಿಕ ಮೂಲ ಪ್ರಶ್ನೆ ಕೇಳಿದ ಸದಸ್ಯನೊಬ್ಬನಿಗೆ ಮಾತ್ರ ಉಪಪ್ರಶ್ನೆಯ ಹಕ್ಕು ಸಿಕ್ಕಿತು.

ಬಜೆಟ್ ಮೇಲೆ ಮತ ಹಾಕುವಂತಿರಲಿಲ್ಲ ಎಂದಮೇಲೆ ಅಷ್ಟುದ್ದ ಭಾಷಣಗಳು ಯಾಕೆ?

ಭಾಷಣ ಸಭೆಯೊಳಗಿನವರಿಗಾಗಿ ಇರಲಿಲ್ಲ ಎಂಬುದೇ ಉತ್ತರ. 1892ರ ಕಾಯಿದೆ ಆಯವ್ಯಯವನ್ನು ಚರ್ಚಿಸಲು ಬಿಟ್ಟಿತು, ಒಂದು ಕಾಸನ್ನೂ ಕಡಿಮೆ ಮಾಡಲು ಬಿಡಲಿಲ್ಲ. ಹಣಕಾಸು ಸದಸ್ಯನ ಲೆಕ್ಕ ಅಚ್ಚಾಗಿ ಬಂದಾಗಲೇ ತೀರ್ಮಾನ ಮುಗಿದಿರುತ್ತಿತ್ತು. ಆದರೆ ಆ ಮಾತುಗಳು ಸರ್ಕಾರದ ಮುದ್ರಣಾಲಯದಲ್ಲಿ, ಸರ್ಕಾರದ ಖರ್ಚಿನಲ್ಲಿ, ಗೆಜೆಟ್‌ನಲ್ಲಿ ಅಚ್ಚಾಗಿ ಪತ್ರಿಕೆಗಳಿಗೂ ಲಂಡನ್ನಿಗೂ ತಲುಪುತ್ತಿದ್ದವು. 1902ರ ಮಾರ್ಚ್ 26ರಂದು ಗೋಖಲೆಯವರು ತಮ್ಮ ಮೊದಲ ಬಜೆಟ್ ಭಾಷಣ ಮಾಡಿದಾಗ, ಕೋಟಿಗಟ್ಟಲೆ ಉಳಿತಾಯವೆಂದು ಸರ್ಕಾರ ಹೆಮ್ಮೆಪಟ್ಟದ್ದನ್ನು ಸರ್ಕಾರದ್ದೇ ಅಂಕಿಗಳಿಂದ ಬಿಡಿಸಿ, ಅದು ಜನರ ಏಳಿಗೆಯ ಗುರುತಲ್ಲ, ಬರಗಾಲದ ಜನರಿಂದ ಅಗತ್ಯಕ್ಕಿಂತ ಹೆಚ್ಚು ತೆರಿಗೆ ಎತ್ತಿದ್ದರ ಗುರುತು ಎಂದು ತೋರಿಸಿದರು. ಆಗ ಉಪ್ಪಿನ ತೆರಿಗೆ ಮಣಕ್ಕೆ 2 ರೂಪಾಯಿ 8 ಆಣೆ. ಅದು 1903ರಲ್ಲಿ 2 ರೂಪಾಯಿಗೆ, 1905ರಲ್ಲಿ ಒಂದೂವರೆಗೆ, 1907ರಲ್ಲಿ 1 ರೂಪಾಯಿಗೆ ಇಳಿಯಿತು. ಭಾಷಣದಿಂದಲೇ ಇಳಿಯಿತೆಂದು ಹೇಳಿದರೆ ಅತಿಯಾದೀತು. ಆದರೆ ವರ್ಷವರ್ಷವೂ ಅದೇ ಜಾಗದಲ್ಲಿ ಅದೇ ಪೆಟ್ಟು ಬೀಳುತ್ತಿದ್ದುದನ್ನು ಸರ್ಕಾರ ಕೇಳಿಸಿಕೊಳ್ಳದೆ ಇರಲಾಗಲಿಲ್ಲ.

ಅಲ್ಲಿ ಯಾವ ಭಾಷೆಯಲ್ಲಿ ಮಾತಾಡುತ್ತಿದ್ದರು?

ಇಂಗ್ಲಿಷಿನಲ್ಲಿ. 1921ರ ನಂತರ ಪ್ರಾಂತ್ಯಗಳ ಪರಿಷತ್ತುಗಳಲ್ಲಿ, ಇಂಗ್ಲಿಷ್ ಬಾರದ ಸದಸ್ಯನಿಗೆ ಅಲ್ಲಿನ ಮಾನ್ಯ ದೇಶಭಾಷೆಯಲ್ಲಿ ಮಾತಾಡಲು ಅಧ್ಯಕ್ಷರು ಅನುಮತಿ ಕೊಡಬಹುದಿತ್ತು.

## ಓದುವಾಗಿನ ತೊಡಕುಗಳು

ಅಚ್ಚಿನಲ್ಲಿರುವುದು ಅವರು ಆಡಿದ ಮಾತೇನಾ?

ಎಲ್ಲ ಕಾಲದ ಸಂಪುಟಗಳಿಗೂ ಒಂದೇ ಉತ್ತರ ಸಲ್ಲದು. ಶೀರ್ಷಿಕೆಯಲ್ಲಿಯೇ ‘ಸಂಗ್ರಹ’ ಎಂಬ ಅರ್ಥದ ಪದವಿದೆ. 1860, 70ರ ದಶಕದ ಪುಟಗಳಲ್ಲಿ ಬಹಳ ಕಡೆ ಮಾತು ಪ್ರಥಮಪುರುಷದಲ್ಲಿ, ಅಂದರೆ ‘ಅವರು ಹೀಗೆಂದರು’ ಎಂಬ ವರದಿಯ ರೂಪದಲ್ಲಿದೆ. ಮುಂದಿನ ಕಾಲದಲ್ಲಿ ‘ನಾನು’ ಎಂಬ ನೇರ ಮಾತು ಬರುತ್ತದೆ. ಅನೇಕರು ಬರೆದುಕೊಂಡು ಬಂದದ್ದನ್ನೇ ಓದುತ್ತಿದ್ದರು, ಆದ್ದರಿಂದ ಎದುರಿನವರ ವಾದಕ್ಕೆ ಉತ್ತರವೇ ಇಲ್ಲದ ಭಾಷಣಗಳು ಒಂದರ ಹಿಂದೊಂದು ಸಾಲುಗಟ್ಟುವುದೂ ಉಂಟು. ಸಭೆಯ ಬಿಸಿ ಈ ಪುಟಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ಅದಕ್ಕೆ ಮರುದಿನದ ಪತ್ರಿಕೆಗಳನ್ನು ನೋಡಬೇಕು.

ಬಜೆಟ್ ಪುಟಗಳಲ್ಲಿನ ಲೆಕ್ಕ ತಾಳೆಯಾಗುವುದಿಲ್ಲವಲ್ಲ, ಏಕೆ?

ಬಹುಶಃ ಮಾನ ಬದಲಾಗಿರುವುದು ನಿಮ್ಮ ಗಮನಕ್ಕೆ ಬಂದಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಲೆಕ್ಕಗಳಲ್ಲಿ ಕಾಣುವ ‘ಆರ್‌ಎಕ್ಸ್’ ಎಂಬ ಗುರುತು ರೂಪಾಯಿಯಲ್ಲ, ಹತ್ತು ರೂಪಾಯಿಗಳ ಒಂದು ಘಟಕ. ಒಂದು ಕಾಲಕ್ಕೆ ಹತ್ತು ರೂಪಾಯಿ ಸುಮಾರು ಒಂದು ಪೌಂಡಿಗೆ ಸಮವಾಗಿತ್ತು. ಬೆಳ್ಳಿಯ ಬೆಲೆ ಕುಸಿದು ರೂಪಾಯಿ ಇಳಿದಮೇಲೂ ಲೆಕ್ಕದ ಪದ್ಧತಿ ಉಳಿಯಿತು. ಬಳಿಕ ಒಂದು ರೂಪಾಯಿಗೆ 1 ಶಿಲಿಂಗ್ 4 ಪೆನ್ಸ್ ಎಂಬ ದರ ನಿಂತಾಗ 15 ರೂಪಾಯಿಗೆ ಒಂದು ಪೌಂಡ್ ಎಂದು ಲೆಕ್ಕಪತ್ರಗಳನ್ನು ಪೌಂಡಿನಲ್ಲಿ ಬರೆಯತೊಡಗಿದರು. ಈ ಗಡಿಯ ಎರಡೂ ಬದಿಯ ಅಂಕಿಗಳನ್ನು ಹಾಗೆಯೇ ಕೂಡಿದರೆ ತಪ್ಪು ಖಂಡಿತ. ಇನ್ನೊಂದು ಮಾತು, ಆರ್ಥಿಕ ವರ್ಷ ಏಪ್ರಿಲ್‌ನಿಂದ ಮಾರ್ಚ್‌ವರೆಗಿನದು. ಬಜೆಟ್ ಚರ್ಚೆಗಳೆಲ್ಲ ಮಾರ್ಚ್ ತಿಂಗಳಿನಲ್ಲಿಯೇ ಸಿಗುವುದು ಅದಕ್ಕೆ.

## ಆಳಕ್ಕೆ ಇಳಿದವರ ಪ್ರಶ್ನೆಗಳು

ಮತವಿಭಜನೆಯ ಪಟ್ಟಿಯಿಂದ ಏನು ತಿಳಿಯುತ್ತದೆ? ಸರ್ಕಾರ ಗೆಲ್ಲುವುದು ಮೊದಲೇ ಗೊತ್ತಿತ್ತಲ್ಲ?

ಫಲಿತಾಂಶ ಗೊತ್ತಿತ್ತು, ನಿಜ. 1909ರ ನಿಯಮಗಳ ಪ್ರಕಾರ ಕೇಂದ್ರ ಪರಿಷತ್ತಿನ 60 ಹೆಚ್ಚುವರಿ ಸದಸ್ಯರಲ್ಲಿ 27 ಜನ ಚುನಾಯಿತರು, 33 ಜನ ನಾಮಕರಣಗೊಂಡವರು. ಈ 33ರಲ್ಲಿ 28ರವರೆಗೂ ಅಧಿಕಾರಿಗಳಿರಬಹುದು. ಜೊತೆಗೆ ಕಾರ್ಯಕಾರಿ ಮಂಡಳಿಯವರ ಮತಗಳು. ಅಧಿಕಾರಿಗಳು ತಮ್ಮ ಮನಸ್ಸಿನಂತೆ ಮತ ಹಾಕುವಂತಿರಲಿಲ್ಲ. ಪ್ರಾಂತ್ಯಗಳ ಪರಿಷತ್ತುಗಳಲ್ಲಿ ಸರ್ಕಾರೇತರರ ಬಹುಮತ ಕೊಟ್ಟ ಭಾರತ ಸಚಿವ ಲಾರ್ಡ್ ಮಾರ್ಲೆ, ಕೇಂದ್ರದಲ್ಲಿ ಅಧಿಕಾರಿಗಳ ಬಹುಮತವನ್ನು ಬಿಟ್ಟುಕೊಡಲಿಲ್ಲ.

ಆದರೂ ಪಟ್ಟಿಯಲ್ಲಿ ಹೆಸರುಗಳಿರುತ್ತವೆ, ಮತ್ತು ಹೆಸರುಗಳೇ ಮುಖ್ಯ. ಗೋಖಲೆಯವರ ಪ್ರಾಥಮಿಕ ಶಿಕ್ಷಣ ಮಸೂದೆಯನ್ನು ತೆಗೆದುಕೊಳ್ಳಿ. ಅದು 1911ರ ಮಾರ್ಚ್ 16ರಂದು ಮಂಡನೆಯಾಯಿತು. ಒಪ್ಪಿದ ಸ್ಥಳೀಯ ಸಂಸ್ಥೆಗಳ ವ್ಯಾಪ್ತಿಯಲ್ಲಿ ಮಾತ್ರ, ಆರರಿಂದ ಹತ್ತು ವರ್ಷದ ಗಂಡುಮಕ್ಕಳಿಗೆ ಶಿಕ್ಷಣವನ್ನು ಕಡ್ಡಾಯ ಮಾಡಬಹುದೆಂಬ ಬಹಳ ಮಿತವಾದ ಮಸೂದೆ. 1912ರ ಮಾರ್ಚ್ 19ರಂದು ಅದನ್ನು ಸೆಲೆಕ್ಟ್ ಕಮಿಟಿಗೆ ಕಳಿಸುವ ಪ್ರಸ್ತಾವವೇ 38–13ರಿಂದ ಬಿದ್ದುಹೋಯಿತು. ಮೂವತ್ತೆಂಟನ್ನು ನೋಡಿ ಸರ್ಕಾರವನ್ನು ಬಯ್ಯುವುದು ಸುಲಭ. ನಾನು ಹದಿಮೂರನ್ನು ನೋಡಿ ಎನ್ನುತ್ತೇನೆ: ಚುನಾಯಿತರೇ 27 ಜನ ಇದ್ದ ಸಭೆಯಲ್ಲಿ ಬಡವರ ಮಕ್ಕಳ ಶಾಲೆಗೆ ಬಿದ್ದ ಮತ 13. ಉಳಿದವರು ಗೈರುಹಾಜರಾಗಿದ್ದರು ಇಲ್ಲವೇ ಎದುರು ಮತ ಹಾಕಿದ್ದರು. ಜಮೀನ್ದಾರರ ಕ್ಷೇತ್ರಗಳಿಂದ ಬಂದವರಿಗೆ ಕೂಲಿಯ ಮಗ ಓದಲು ಹೋಗುವುದರಲ್ಲಿ ಉತ್ಸಾಹ ಇರಬೇಕಾದ ಕಾರಣವೇನೂ ಇರಲಿಲ್ಲ. ಭಾಷಣಗಳಲ್ಲಿ ಮರೆಯಾಗುವ ಈ ಸತ್ಯವನ್ನು ಮತಪಟ್ಟಿ ಮರೆಮಾಚುವುದಿಲ್ಲ.

1919ರ ಮಾರ್ಚ್ 18ರ ಪಟ್ಟಿ ಇದಕ್ಕೆ ವಿರುದ್ಧ ಬಗೆಯದು. ವಿಚಾರಣೆಯಿಲ್ಲದೆ ಬಂಧಿಸಿಡಲು ಸರ್ಕಾರಕ್ಕೆ ಅಧಿಕಾರ ಕೊಡುವ ರೌಲಟ್ ಮಸೂದೆಗಳಲ್ಲಿ ಒಂದು ಆ ದಿನ 35–20ರಿಂದ ಅಂಗೀಕಾರವಾದಾಗ, ಮಂದಗಾಮಿಗಳೂ ಸೇರಿದಂತೆ ಸರ್ಕಾರೇತರ ಭಾರತೀಯ ಸದಸ್ಯರು ಒಂದು ಕಡೆ ನಿಂತಿದ್ದರು. ಸೌಮ್ಯ ಮಾತಿನ ಶ್ರೀನಿವಾಸ ಶಾಸ್ತ್ರಿಗಳಂಥವರು ಸರ್ಕಾರವನ್ನು ಎಚ್ಚರಿಸಿದರು. ಜಿನ್ನಾ, ಮದನಮೋಹನ ಮಾಳವೀಯ, ಮಜರುಲ್ ಹಕ್ ರಾಜೀನಾಮೆ ಕೊಟ್ಟರು. ಒಂದು ತಿಂಗಳೊಳಗೆ ಜಲಿಯನ್‌ವಾಲಾಬಾಗ್ ನಡೆಯಿತು.

ಸರ್ಕಾರೇತರ ಸದಸ್ಯರು ಗೆದ್ದ ಉದಾಹರಣೆ ಒಂದೂ ಇಲ್ಲವೇ?

ಇವೆ. 1910ರ ಫೆಬ್ರವರಿಯಲ್ಲಿ ದಕ್ಷಿಣ ಆಫ್ರಿಕದ ನಟಾಲ್‌ಗೆ ಕರಾರು ಕೂಲಿಗಳನ್ನು ಕಳಿಸುವುದು ನಿಲ್ಲಬೇಕೆಂದು ಗೋಖಲೆಯವರು ತಂದ ಗೊತ್ತುವಳಿಯನ್ನು ಸರ್ಕಾರವೇ ಒಪ್ಪಿತು, ಮರುವರ್ಷ ಜುಲೈ 1ರಿಂದ ಅದು ನಿಂತಿತು. ಇಡೀ ಪದ್ಧತಿಯನ್ನೇ ತೆಗೆಯಬೇಕೆಂಬ 1912ರ ಗೊತ್ತುವಳಿ ಬಿದ್ದರೂ, 1916ರ ಮಾರ್ಚ್‌ನಲ್ಲಿ ಮಾಳವೀಯರು ಅದನ್ನೇ ಮತ್ತೆ ತಂದಾಗ ವೈಸ್‌ರಾಯ್ ಹಾರ್ಡಿಂಜ್ ಒಪ್ಪಿದರು. ಜಿನ್ನಾ ತಂದ ಖಾಸಗಿ ಮಸೂದೆ 1913ರ ವಕ್ಫ್ ಕಾಯಿದೆಯಾಯಿತು. ಪ್ರಾಂತ್ಯಗಳಲ್ಲಿ ಇನ್ನೂ ಗಟ್ಟಿಯಾದ ಉದಾಹರಣೆಗಳಿವೆ: ಸರ್ಕಾರಿ ಹಣದ ಕೆರೆ, ಬಾವಿ, ಧರ್ಮಶಾಲೆ, ಶಾಲೆಗಳು ಅಸ್ಪೃಶ್ಯರಿಗೂ ತೆರೆದಿರಬೇಕೆಂದು ಎಸ್. ಕೆ. ಬೋಲೆ ತಂದ ಗೊತ್ತುವಳಿಯನ್ನು ಮುಂಬಯಿ ಪರಿಷತ್ತು 1923ರ ಆಗಸ್ಟ್ 4ರಂದು ಅಂಗೀಕರಿಸಿತು. ಮಹಾಡದ ಚೌಡಾರ್ ಕೆರೆಗೆ 1927ರಲ್ಲಿ ಅಂಬೇಡ್ಕರ್ ಇಳಿದಾಗ ಅವರ ಬೆನ್ನಿಗಿದ್ದದ್ದು ಈ ಗೊತ್ತುವಳಿ. ಕಾಗದದಲ್ಲಿ ಗೆದ್ದದ್ದಕ್ಕೂ ನೀರು ಮುಟ್ಟುವುದಕ್ಕೂ ನಡುವೆ ಎಷ್ಟು ದೂರವಿತ್ತೆಂಬುದನ್ನೂ ಅದೇ ಪ್ರಸಂಗ ತೋರಿಸುತ್ತದೆ.

1921ರ ನಂತರದ ಸಂಪುಟಗಳು ಏಕೆ ಇಷ್ಟು ಬೇರೆ ಕಾಣುತ್ತವೆ?

1919ರ ಕಾಯಿದೆ ಕೇಂದ್ರದಲ್ಲಿ ಎರಡು ಸದನಗಳನ್ನು ಮಾಡಿತು, ಪ್ರಾಂತ್ಯಗಳಲ್ಲಿ ಕೆಲವು ಇಲಾಖೆಗಳನ್ನು ಚುನಾಯಿತ ಮಂತ್ರಿಗಳಿಗೆ ಕೊಟ್ಟು ದ್ವಿಸರ್ಕಾರ ಪದ್ಧತಿ ತಂದಿತು. ವೈಸ್‌ರಾಯ್ ಪೀಠದಿಂದ ಇಳಿದರು. 1925ರಲ್ಲಿ ವಿಠ್ಠಲಭಾಯಿ ಪಟೇಲ್ ಕೇಂದ್ರ ಶಾಸನಸಭೆಯ ಮೊದಲ ಚುನಾಯಿತ ಅಧ್ಯಕ್ಷರಾದರು. ಕನ್ನಡದ ಹೆಸರುಗಳೂ ಕಾಣತೊಡಗುತ್ತವೆ: ಹುಬ್ಬಳ್ಳಿಯ ಸರ್ ಸಿದ್ದಪ್ಪ ಕಂಬಳಿ ಮುಂಬಯಿಯಲ್ಲಿ ಮಂತ್ರಿಯಾದರು, ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ 1926ರಲ್ಲಿ ಮದ್ರಾಸ್ ಪರಿಷತ್ತಿಗೆ ಸ್ಪರ್ಧಿಸಿ ಅಲ್ಪ ಅಂತರದಿಂದ ಸೋತರು. ಅದೇ ಪರಿಷತ್ತಿಗೆ ನಾಮಕರಣಗೊಂಡ ಡಾ. ಮುತ್ತುಲಕ್ಷ್ಮಿ ರೆಡ್ಡಿ ಉಪಾಧ್ಯಕ್ಷೆಯಾಗಿ, ದೇವದಾಸಿಯರ ಇನಾಮು ಭೂಮಿಯನ್ನು ದೇವಾಲಯ ಸೇವೆಯ ಕಟ್ಟಿನಿಂದ ಬಿಡಿಸುವ ತಿದ್ದುಪಡಿಯನ್ನು 1929ರಲ್ಲಿ ಸಾಧಿಸಿದರು. ಇಷ್ಟಾದರೂ ಕೊನೆಯ ಬೀಗದ ಕೈ ಮೇಲೆಯೇ ಇತ್ತು. 1923ರಲ್ಲಿ ಉಪ್ಪಿನ ತೆರಿಗೆಯನ್ನು ದುಪ್ಪಟ್ಟು ಮಾಡಲು ಶಾಸನಸಭೆ ಒಪ್ಪದಿದ್ದಾಗ, ವೈಸ್‌ರಾಯ್ ಲಾರ್ಡ್ ರೀಡಿಂಗ್ ತಮ್ಮ ವಿಶೇಷಾಧಿಕಾರದ ದೃಢೀಕರಣದಿಂದ ಅದನ್ನು ಜಾರಿಗೆ ತಂದರು. ಹಾಗಾಗಿ ಈ ಕಾಲದ ಓದುಗ ಸಭೆ ಏನು ತೀರ್ಮಾನಿಸಿತು ಎಂಬಲ್ಲಿ ನಿಲ್ಲಿಸದೆ, ಆಮೇಲೆ ಗೆಜೆಟ್‌ನಲ್ಲಿ ಏನು ಬಂತು ಎಂದೂ ನೋಡಬೇಕು.

ಈ ಸಂಪುಟಗಳು ಎಲ್ಲಿ ಸಿಗುತ್ತವೆ? ಅವುಗಳ ಜೊತೆ ಇನ್ನೇನು ಓದಬೇಕು?

ಕೇಂದ್ರ ಪರಿಷತ್ತಿನವು ದೆಹಲಿಯ ರಾಷ್ಟ್ರೀಯ ಅಭಿಲೇಖಾಲಯದಲ್ಲಿ, ಮದ್ರಾಸಿನವು ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರದಲ್ಲಿ, ಮುಂಬಯಿಯವು ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ಮಹಾರಾಷ್ಟ್ರ ಪತ್ರಾಗಾರದಲ್ಲಿ ಇವೆ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಶಾಸನಸಭೆಗಳ ನಡವಳಿಗಳಿಗೆಂದೇ ಒಂದು ಶ್ರೇಣಿಯಿದೆ.

ನಡವಳಿಯೊಂದನ್ನೇ ಓದಿ ಎದ್ದರೆ ಕೆಲಸ ಅರ್ಧವಾಗುತ್ತದೆ. 1891ರಲ್ಲಿ ಹುಡುಗಿಯರ ಸಮ್ಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಿದ ಮಸೂದೆಯ ಪುಟಗಳಲ್ಲಿ ಸರ್ ಆಂಡ್ರ್ಯೂ ಸ್ಕೋಬಲ್‌ರ ಮಂಡನೆ, ಸರ್ ರಮೇಶಚಂದ್ರ ಮಿತ್ರರ ವಿರೋಧ ಸಿಗುತ್ತವೆ. ಜನವರಿ 9ರಂದು ಬಂದ ಮಸೂದೆ ಮಾರ್ಚ್ 19ಕ್ಕೆ ಕಾಯಿದೆಯಾದದ್ದು ತಿಳಿಯುತ್ತದೆ. ಯಾವ ಹುಡುಗಿಯರ ವಿಷಯವಾಗಿ ಇಷ್ಟೆಲ್ಲ ನಡೆಯಿತೋ ಅವರ ಒಂದು ಮಾತೂ ಅಲ್ಲಿಲ್ಲ. ಅದಕ್ಕಾಗಿ ಶಾಸನ ಇಲಾಖೆಯ ಕಡತಗಳಿಗೆ ಲಗತ್ತಿಸಿರುವ ಅಭಿಪ್ರಾಯಗಳ ಕಟ್ಟನ್ನು ಬಿಚ್ಚಬೇಕು: ಜಿಲ್ಲಾಧಿಕಾರಿಗಳ ಟಿಪ್ಪಣಿಗಳು, ವೈದ್ಯರ ವರದಿಗಳು, ಸಭೆ ಸಂಘಗಳ ಮನವಿಗಳು, ಒಮ್ಮೊಮ್ಮೆ ಹೆಂಗಸರೇ ಸಹಿ ಮಾಡಿದ ಅರ್ಜಿಗಳು.